ಬಾಣಂತಿ ಕೋಣೆಯ ಗಾಳಿ

ಸಂಕ್ರಮಣ ಕಳೆದ ಮುಂದಿನ ರವಿವಾರ, ಸಂಜೆ ಐದು ಗಂಟೆ. ಪಡಸಾಲೆಯಲ್ಲಿ ನಾನು ಮತ್ತು ಹಿರಿಯ ಮಗನ ಮಗಳು. ಒಳಗಿನ ಕೋಣೆಯಲ್ಲಿ ಕಿರಿಯ ಸೊಸೆ, ಅವಳ ಮಗ್ಗುಲಲ್ಲಿ ಇನ್ನೂ ತೊಟ್ಟಿಲಿಗೆ ಹಾಕದ ಗಂಡುಕೂಸು. ನನ್ನ ಹೆಂಡತಿ ಎಮ್ಮೆ ಹಿಂಡುವುದಕ್ಕೆ ಹಿತ್ತಲಿಗೆ ಹೊರಟಿದ್ದಳು. ಕಿರಿಯ ಮಗ ಹುಬ್ಬಳ್ಳಿಗೆ ಪಾಳಿ ಕೆಲಸಕ್ಕೆ ಹೋಗಿದ್ದ. ಹಿರಿಯ ಮಗ, ಸೊಸೆ ಬೀಗರ ಊರಿಗೆ ಹೋಗಿದ್ದರು. ಇಷ್ಟನ್ನು ಮೊದಲು ಬರೆದುಬಿಡುವುದು ನನ್ನ ರೂಢಿ. ಬಾಯ್ಲರ್ ಮನೆಯಲ್ಲಿ ಪಾಳಿ ಬದಲಾದಾಗ ದಿನ, ಹೊತ್ತು, ಹಾಜರಿದ್ದವರು ಎಂದು ಬರೆಯದೆ ಬೇರೆ ಏನನ್ನೂ ಬರೆಯಲು ನಮಗೆ ಅಪ್ಪಣೆ ಇರಲಿಲ್ಲ.

ಕುಂದಗೋಳದ ಹತ್ತಿರದ ನಮ್ಮ ಹಳ್ಳಿಯಿಂದ ದಿನಾ ರೈಲಿಗೆ ಹೋಗಿ ಬಂದು, ಒಂದು ಗಿರಣಿಯ ಬಾಯ್ಲರಿನ ಮುಂದೆ ನನ್ನ ನೌಕರಿ ಮುಗಿಸಿದೆ. ಕಲ್ಲಿದ್ದಿಲು ಎಳೆಯುವ ಕೂಲಿಯಾಗಿ ಒಳಗೆ ಹೋದವನು, ಪರೀಕ್ಷೆ ಕಟ್ಟಿ, ಬಾಯ್ಲರಿನ ಹೊಣೆ ಹೊರುವ ಸರ್ಟಿಫಿಕೇಟು ಪಡೆದು, ಕೊನೆಗೆ ಫೋರ್‌ಮನ್ ಆಗಿ ಹೊರಬಂದೆ. ನಿವೃತ್ತಿಯಾಗಿ ಬಹಳ ವರ್ಷವಾದರೂ ಗಿರಣಿಯ ಭೋಂಗಾ ಹೊಡೆಯುತ್ತಿದ್ದ ಹೊತ್ತಿಗೇ ಏಳುತ್ತೇನೆ, ಆ ಹೊತ್ತಿಗೇ ಊಟ, ಆ ಹೊತ್ತಿಗೇ ನಿದ್ದೆ. ಮನೆಯವರು ನಗುತ್ತಾರೆ. ನನಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು. ಆ ರವಿವಾರದವರೆಗೂ ಇತ್ತು.

ಕಿರಿಯ ಸೊಸೆಗೆ ತವರಿನಲ್ಲಿ ತಾಯಿ ಇಲ್ಲ. ಚೊಚ್ಚಲ ಬಾಣಂತನ ತವರಿನಲ್ಲಿ ಆಗುವುದು ಪದ್ಧತಿ. ಆದರೆ ಮಾಡುವವರು ಯಾರು? "ಇಲ್ಲೇ ಆಗ್ಲಿ, ತಾಯಿ ಇಲ್ಲದ ಕೊರತಿ ಆಕಿಗೆ ಕಾಣಬಾರದು" ಎಂದು ನಾನೇ ಮುಂದೆ ನಿಂತು ಹೇಳಿದೆ. ತಾಲೂಕು ಆಸ್ಪತ್ರೆಯಿಂದ ಅವಳು ಮನೆಗೆ ಬರುವ ಮೊದಲೇ ಕೋಣೆಯ ತಯಾರಿ ನನ್ನ ಕೈಗೆ ಬಂತು. ಹೆಣ್ಣುಮಕ್ಕಳ ಕೆಲಸದಲ್ಲಿ ಗಂಡಸು ಕೈ ಹಾಕಬಾರದೆಂದು ಹೆಂಡತಿ ಅಂದಳು. ಆದರೂ ಹಾಕಿದೆ.

ನಮ್ಮ ಕಡೆ ಬಾಣಂತಿಯನ್ನು ಕಾಯಿಸುತ್ತಾರೆ. ಎಣ್ಣೆ ಹಚ್ಚಿ, ಸುಡುನೀರು ಹಾಕಿ, ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡದ ಶೆಗಡಿ ಇಡುತ್ತಾರೆ. ಬೆನ್ನಿಗೆ ಕಾವು ತಾಗಬೇಕು, ಮೈಗೆ ಗಾಳಿ ತಾಗಬಾರದು. ಹಿಂದಿನಿಂದ ಶೆಗಡಿಗೆ ಕುಳ್ಳು, ಅಂದರೆ ಸೆಗಣಿಯ ಬೆರಣಿ, ಹಾಕುತ್ತಿದ್ದರು. ಕುಳ್ಳು ಹೊಗೆ ಬಿಡುತ್ತದೆ, ಕೂಸು ಕೆಮ್ಮುತ್ತದೆ, ಕಣ್ಣು ಉರಿಯುತ್ತದೆ. ನಾನು ಸುಧಾರಣೆ ಮಾಡುವವನು. ಇಸ್ತ್ರಿ ಅಂಗಡಿಯವರು ಎಲ್ಲಿಂದ ತರುತ್ತಾರೆಂದು ವಿಚಾರಿಸಿ ಒಂದು ಚೀಲ ಒಳ್ಳೆಯ ಕಟ್ಟಿಗೆ ಇದ್ದಿಲು ತಂದೆ. ಅಂಗಳದಲ್ಲಿ ಹೊತ್ತಿಸಿ, ಚೆನ್ನಾಗಿ ಕೆಂಪಾದ ಮೇಲೆ ಒಳಗೆ ಒಯ್ಯಬೇಕೆಂದು ನಿಯಮ ಹಾಕಿದೆ. ಸಂಜೆ ಕಾವು ಕಡಿಮೆಯಾದರೆ ಹೆಂಡತಿ ಒಳಗೇ ಎರಡು ಹಿಡಿ ಹೊಸ ಇದ್ದಿಲು ಸುರಿಯುತ್ತಿದ್ದಳು. ಅದು ನನಗೆ ಗೊತ್ತಿತ್ತು. ಸುಮ್ಮನಿದ್ದೆ.

ಇನ್ನು ಗಾಳಿ. ಬಾಯ್ಲರ್ ನಡೆಸುವವನಿಗೆ ದೊಡ್ಡ ವೈರಿ ಎಂದರೆ ಹೇಳದೆ ಕೇಳದೆ ಒಳಗೆ ನುಗ್ಗುವ ಗಾಳಿ. ಬೆಂಕಿಗೆ ಬೇಕಾದ ಗಾಳಿಯನ್ನು ಫ್ಯಾನು ಅಳೆದು ಕೊಡುತ್ತದೆ, ಸುಟ್ಟ ಹೊಗೆಯನ್ನು ಚಿಮಣಿ ಎಳೆದು ಒಯ್ಯುತ್ತದೆ. ಕುಲುಮೆಯ ಬಾಗಿಲ ಸಂದಿಯಿಂದ ನುಸುಳುವ ಗಾಳಿ ಮಾತ್ರ ಲೆಕ್ಕಕ್ಕೆ ಸಿಗದೆ ಬೆಂಕಿಯನ್ನು ತಣ್ಣಗೆ ಮಾಡುತ್ತದೆ. ನಾವು ಅದನ್ನು ಕಳ್ಳಗಾಳಿ ಅನ್ನುತ್ತಿದ್ದೆವು. ವರ್ಷಾನುಗಟ್ಟಲೆ ನಾನು ಕುಲುಮೆಯ ಬಾಗಿಲುಗಳ ಅಂಚಿಗೆ ಹಗ್ಗ ಬಡಿದು ಬಡಿದು ಕಳ್ಳಗಾಳಿ ನಿಲ್ಲಿಸಿದವನು. ಮೇಣದ ಬತ್ತಿ ಹಿಡಿದು ಉರಿ ಅಲುಗದಿದ್ದರೆ ಕೆಲಸ ಸರಿ ಎಂದು ಸಹಿ ಹಾಕುತ್ತಿದ್ದೆ.

ಬಾಣಂತಿ ಕೋಣೆಯನ್ನೂ ಹಾಗೆಯೇ ಮಾಡಿದೆ. ಮಾಳಿಗೆಯ ಬೆಳಕಿಂಡಿಗೆ ಗಾಜು ಕೂಡಿಸಿ ಸಿಮೆಂಟು ಮೆತ್ತಿದೆ. ಕಿಟಕಿಯ ಕದಗಳ ಸಂದಿಗೆ ಹಳೆಯ ಧೋತರ ಹರಿದು ಹೊಸೆದು ಹಗ್ಗ ಮಾಡಿ, ಅಂಗಳದ ಕಡೆಯಿಂದ ಉಳಿಯ ಬೆನ್ನಿನಿಂದ ಒತ್ತಿ ತುಂಬಿದೆ. ಬಾಗಿಲ ಕೆಳಗಿನ ಸಂದಿಗೆ ಹೊಟ್ಟು ತುಂಬಿದ ಬಟ್ಟೆಯ ಸುರುಳಿ. ಎಲ್ಲ ಮುಗಿದ ಮೇಲೆ ಮೇಣದ ಬತ್ತಿ ಹಿಡಿದು ನೋಡಿದೆ. ಉರಿ ನೆಟ್ಟಗೆ ನಿಂತಿತು. ಬಾಣಂತಿ ಬಂದ ಮೇಲೆ ನಾನು ಆ ಕೋಣೆಯೊಳಗೆ ಕಾಲಿಟ್ಟಿಲ್ಲ. ಮಾವ ಬಾಣಂತಿ ಕೋಣೆಗೆ ಹೋಗುವುದಿಲ್ಲ. ಅಲ್ಲಿಯ ಗಾಳಿಯನ್ನು ನಾನು ಒಂದು ಉಸಿರೂ ಎಳೆದು ನೋಡಿರಲಿಲ್ಲ.

ಆ ದಿನ ಬೆಳಗ್ಗೆ ಅಂಗಳ ಗುಡಿಸುವಾಗ ನೋಡಿದೆ, ಕಿಟಕಿಯ ಸಂದಿಯ ಹಗ್ಗ ಒಂದು ಗೇಣಿನಷ್ಟು ಹೊರಗೆ ಬಂದು ಜೋತಾಡುತ್ತಿತ್ತು. ಒಳಗಿನಿಂದ ಯಾರೋ ನೂಕಿದ್ದರು. ಹೆಂಡತಿಯನ್ನು ಕೇಳಿದೆ.

"ಆಕಿನ ನೂಕ್ಯಾಳ. ಚಮಚಾ ತಗೊಂಡು" ಎಂದಳು. "ತಲಿ ಭಾರ ಆಗೈತಂತ. ಕಿಟಕಿ ಒಂದೀಟು ತಗಸ್ರಿ ಅತ್ತಿ, ಮಾವಾರಿಗೆ ಹೇಳ್ರಿ ಅಂತ ನಿನ್ನಿಯಿಂದ ಅನ್ನಾಕತ್ತಾಳ."

"ಬಾಣಂತಿಗೆ ತಲಿ ಭಾರ ಆಗದ ಇರತೈತೇನು? ರಾತ್ರಿ ನಿದ್ದಿ ಇಲ್ಲ."

"ನಾನೂ ಹಂಗ ಅಂದೆ. ಆದ್ರ ವಾಂತಿ ಬಂದಂಗ ಆಗತೈತಿ ಅಂತಾಳ್ರೀ."

"ಕೂಸಿಗೆ ಥಂಡಿ ಆದ್ರ ಯಾರು ಜವಾಬ್ದಾರಿ? ಹೇಳು ಆಕಿಗೆ, ಇದು ನಿಮ್ಮವ್ವನ ಮನಿ ಅಲ್ಲ, ಬೇಕಂದಂಗ ಕಿಟಕಿ ತಗ್ಯಾಕ."

ಕೋಣೆಗೆ ಕೇಳುವಷ್ಟು ದೊಡ್ಡ ದನಿಯಲ್ಲೇ ಹೇಳಿದೆ. ತಾಯಿ ಇಲ್ಲದವಳಿಗೆ ನಾನು ಅಂದ ಮಾತು ಅದು. ನಾನು ಸುತ್ತಿಗೆ, ಮೊಳೆ ತಂದು ಹಗ್ಗವನ್ನು ಮತ್ತೆ ಒತ್ತಿ, ಇನ್ನು ನೂಕಲು ಬಾರದಂತೆ ಅದರ ಮೇಲೆ ಕಟ್ಟಿಗೆಯ ಪಟ್ಟಿ ಹೊಡೆದೆ. ಮೊಳೆಗಳ ನಡುವೆ ಅಂತರ ಸಮನಾಗಿತ್ತು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಕೆಲಸ ಚೊಕ್ಕ ಆಯಿತು ಅಂದುಕೊಂಡೆ.

ಸಂಜೆಗೆ ಬರುತ್ತೇನೆ. ಮೊಮ್ಮಗಳು ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಾಳೆ. ಮರುದಿನ ಅವಳಿಗೆ ಇಂಧನದ ಪಾಠದ ಪರೀಕ್ಷೆ. ಕಲ್ಲಿದ್ದಿಲು ಸುಡಲು ಎಷ್ಟು ಗಾಳಿ ಬೇಕು ಎಂಬ ಲೆಕ್ಕ ಅವಳ ತಲೆಗೆ ಹತ್ತುತ್ತಿರಲಿಲ್ಲ. "ಅದರಾಗ ಏನೈತಿ, ತಾ ಇಲ್ಲಿ" ಎಂದು ಕೂತೆ. ಆಗಲೇ ಹೆಂಡತಿ ಅಂಗಳದಿಂದ ಶೆಗಡಿ ಹೊತ್ತು ಪಡಸಾಲೆ ದಾಟಿದಳು.

"ನೋಡ್ರಿ, ನೀಲಿ ಉರಿ ಎಷ್ಟು ಚಂದ ಕುಣ್ಯಾಕತ್ತೈತಿ. ಹೊಗಿ ಅನ್ನೂದ ಇಲ್ಲ. ನೀವು ಮಾಡಿದ್ದು ಚಲೋ ಆತು."

ಕೆಂಡದ ಮೇಲೆ ನೀಲಿ ಉರಿ ಕುಣಿದರೆ ಕೆಳಗೆ ಗಾಳಿ ಸಾಲುತ್ತಿಲ್ಲ, ಅರ್ಧ ಸುಟ್ಟ ವಿಷಗಾಳಿ ಮೇಲೆ ಬಂದು ಉರಿಯುತ್ತಿದೆ ಎಂದು ಅರ್ಥ. ಹೊಸದಾಗಿ ಕೆಲಸಕ್ಕೆ ಸೇರಿದ ಪ್ರತಿಯೊಬ್ಬನಿಗೂ ನಾನು ಮೊದಲ ವಾರವೇ ಇದನ್ನು ಕಲಿಸುತ್ತಿದ್ದೆ. ಹೆಂಡತಿಯ ಮಾತಿಗೆ ಹಿಗ್ಗಿ ತಲೆಯಾಡಿಸಿದೆ. ಅವಳು ಶೆಗಡಿಯನ್ನು ಹೊರಸಿನ ಕೆಳಗಿಟ್ಟು, ಹೊರಗೆ ಬಂದು ಬಾಗಿಲು ಎಳೆದು, ಹೊಟ್ಟಿನ ಸುರುಳಿಯನ್ನು ಕಾಲಿನಿಂದ ಸಂದಿಗೆ ಒತ್ತಿ ಹಿತ್ತಲಿಗೆ ಹೋದಳು.

ನಾವು ಲೆಕ್ಕ ಹಿಡಿದೆವು. ನೂರು ಭಾಗ ಕಲ್ಲಿದ್ದಿಲಿನಲ್ಲಿ ಎಪ್ಪತ್ತೈದು ಇಂಗಾಲ, ಐದು ಜಲಜನಕ, ಎಂಟು ಆಮ್ಲಜನಕ. ಉಳಿದದ್ದು ಬೂದಿ ಮೊದಲಾದ ಸುಡದ ಪದಾರ್ಥ. ಒಂದು ಕಿಲೋ ಸುಡಲು ಗಾಳಿ ಎಷ್ಟು?

"ಇಂಗಾಲ ತನ್ನ ತೂಕಕ್ಕ ಎಷ್ಟು ಆಮ್ಲಜನಕ ಬೇಡತೈತಿ?"

"ಮೂರಕ್ಕ ಎಂಟು."

"ಹಂಗಾದ್ರ ಮುಕ್ಕಾಲು ಕಿಲೋಕ್ಕ?"

"ಎರಡು ಕಿಲೋ. ಜಲಜನಕಕ್ಕ ಎಂಟು ಪಟ್ಟು. ಆದ್ರ ಇಲ್ಲಿ ಐದು ಜಲಜನಕದಾಗ ಒಂದು ಯಾಕ ಕಳದಾರ ಅಜ್ಜಾ?"

"ಇದ್ದಲಿಯೊಳಗ ಆಗಲೇ ಆಮ್ಲಜನಕ ಐತಲ್ಲ ತಂಗಿ. ಅದು ಒಂದಿಷ್ಟು ಜಲಜನಕಾ ಮೊದಲ ಹಿಡಕೊಂಡು ಕೂತಿರತೈತಿ. ಅದನ್ನ ಬಿಟ್ಟು ಉಳಿದದ್ದಕ್ಕ ಮಾತ್ರ ಹೊರಗಿನ ಗಾಳಿ ಬೇಕು."

ಅವಳು ಕೂಡಿಸಿದಳು. ಎರಡು ಕಿಲೋ ಮುನ್ನೂರಿಪ್ಪತ್ತು ಗ್ರಾಂ ಆಮ್ಲಜನಕ. ಗಾಳಿಯ ತೂಕದಲ್ಲಿ ನೂರಕ್ಕೆ ಇಪ್ಪತ್ತಮೂರು ಭಾಗವಷ್ಟೇ ಆಮ್ಲಜನಕ. ಆದ್ದರಿಂದ ಅದನ್ನು ನೂರರಿಂದ ಗುಣಿಸಿ ಇಪ್ಪತ್ತಮೂರರಿಂದ ಭಾಗಿಸಬೇಕು. ಹತ್ತು ಕಿಲೋ ಗಾಳಿ ಬಂತು.

"ಒಂದು ಕಿಲೋ ಇದ್ದಲಿಗೆ ಹತ್ತು ಕಿಲೋ ಗಾಳಿ!" ಎಂದು ಅವಳು ಕಣ್ಣರಳಿಸಿದಳು. "ಉಣ್ಣೂದು ಒಂದು ರೊಟ್ಟಿ, ಕುಡಿಯೂದು ಹತ್ತು ತಂಬಿಗಿ ನೀರು. ನಿನ್ನಂಗ ಆತು."

"ಇದು ಬರೇ ಪುಸ್ತಕದ ಲೆಕ್ಕ. ಖರೇ ಬೆಂಕಿಗೆ ಇದರ ಒಂದೂವರಿ ಪಟ್ಟು ಕೊಡಬೇಕು. ಕಡಿಮಿ ಬಿತ್ತಂದ್ರ ಇಂಗಾಲ ಅರ್ಧಾ ಸುಟ್ಟು ವಿಷಾ ಆಗತೈತಿ."

ಇದನ್ನೂ ಹೇಳಿದವನು ನಾನೇ. ಅವಳು ಪೆನ್ನಿನ ತುದಿ ಕಚ್ಚಿ ಕೋಣೆಯ ಬಾಗಿಲು ನೋಡಿದಳು.

"ಅಜ್ಜಾ, ಚಿಗವ್ವನ ಕ್ವಾಣಿ ಎಷ್ಟು ಉದ್ದ, ಎಷ್ಟು ಅಗಲ?"

"ಒಂಬತ್ತು ಫೂಟು, ಎಂಟು ಫೂಟು. ಎತ್ತರ ಎಂಟು." ಅಳತೆ ನನಗೆ ಬಾಯಿಪಾಠ.

ಅವಳು ಗುಣಿಸಿ, ಮೀಟರಿಗೆ ತಿರುಗಿಸಿ, ಗಾಳಿಯ ತೂಕ ತೆಗೆದಳು. "ಇಪ್ಪತ್ತು ಕಿಲೋ ಬಂತು. ಶೆಗಡಿಗೆ ಎಷ್ಟು ಇದ್ದಲಿ ಹಿಡೀತೈತಿ?"

"ಒಂದು ಕಿಲೋದ ಮ್ಯಾಲ ಚೂರು."

"ಅಂದ್ರ ಕ್ವಾಣಿಯೊಳಗಿನ ಅರ್ಧಾ ಗಾಳಿ ಶೆಗಡಿಗೆ ಹೋತು. ಚಿಗವ್ವಗ, ಕೂಸಿಗೆ?"

"ಹಂಗಲ್ಲ ಅದು. ಸಂದಿಯೊಳಗಿಂದ ಹೊಸಾ ಗಾಳಿ ಬರತೈತಿ, ಅದನ್ನ ಹಿಡೀಬೇಕು."

"ಯಾವ ಸಂದಿ? ಎಲ್ಲಾ ನೀನ ಬಡದು ಮುಚ್ಚೀಯಲ್ಲ."

ಅವಳ ಮುಖದಲ್ಲಿ ಇನ್ನೂ ನಗು ಇತ್ತು. ಅಜ್ಜನನ್ನು ಲೆಕ್ಕದಲ್ಲಿ ಸಿಕ್ಕಿಸಿದ ಸಂತೋಷ. ನನಗೆ ನಗು ಬರಲಿಲ್ಲ. ಉತ್ತರ ಆ ಕ್ಷಣವೇ ನನಗೆ ಗೊತ್ತಾಗಿತ್ತು, ತಲೆಭಾರ, ವಾಂತಿ, ನೀಲಿ ಉರಿ ಎಲ್ಲ ಸೇರಿ. ಎದ್ದು ಬಾಗಿಲು ತೆಗೆಯಬೇಕಾಗಿತ್ತು, ಅಷ್ಟೇ. ತೆಗೆದರೆ ಬೆಳಗ್ಗೆ ನಾನು ಹೊಡೆದ ಪಟ್ಟಿ ತಪ್ಪು, ಆಡಿದ ಮಾತು ತಪ್ಪು, ಚಮಚದಿಂದ ನೂಕಿದವಳು ಸರಿ ಎಂದಾಗುತ್ತಿತ್ತು.

"ಶೆಗಡಿ ಅಂದ್ರ ಬಾಯ್ಲರ್ ಅಲ್ಲ. ವಾದಾ ಸಾಕು. ಮುಂದಿನ ಲೆಕ್ಕಾ ತಗಿ" ಎಂದೆ.

ಅವಳು ಪುಟ ತಿರುವಿದಳು. ಒಂದು ಇಡೀ ಲೆಕ್ಕ ಮಾಡಿದೆವು. ಚಿಮಣಿಯಿಂದ ಹೋಗುವ ಹೊಗೆಯ ತೂಕದ್ದು. ಅದನ್ನು ನಾನು ಸಾವಕಾಶ, ಹಂತ ಹಂತವಾಗಿ, ಗೆರೆ ಎಳೆದು ಬಿಡಿಸಿ ತೋರಿಸಿದೆ. ಆ ಹೊತ್ತನ್ನು ನೆನೆದರೆ ಇವತ್ತಿಗೂ ಕೂತ ಜಾಗ ಬಿಟ್ಟು ಎದ್ದು ಓಡಾಡುತ್ತೇನೆ.

ದೀಪ ಹಚ್ಚುವ ಹೊತ್ತಿಗೆ ಕೂಸು ದಿನಾ ಅಳುತ್ತಿತ್ತು. ನನ್ನ ಗಡಿಯಾರಕ್ಕಿಂತ ಅದರದೇ ಖಾತ್ರಿ. ಅಂದು ಹೊತ್ತು ಮುಳುಗಿತು, ಅಳು ಬರಲಿಲ್ಲ. ಮೊಮ್ಮಗಳೇ ಮೊದಲು ತಲೆ ಎತ್ತಿದಳು.

"ಕೂಸು ಯಾಕ ಅಳವಲ್ದು?"

ಇಬ್ಬರೂ ಎದ್ದೆವು. ನಾನು ಬಾಗಿಲವರೆಗೆ ಹೋಗಿ ಹೊಸ್ತಿಲ ಮುಂದೆ ನಿಂತುಬಿಟ್ಟೆ. ನಿಂತು ಹಿತ್ತಲ ಕಡೆ ಮುಖ ಮಾಡಿ ಹೆಂಡತಿಯನ್ನು ಕೂಗಿದೆ. ಮಾವ ಒಳಗೆ ಹೋಗಬಾರದಲ್ಲ. ಅಂಥ ಹೊತ್ತಿನಲ್ಲೂ ರೀತಿ ಹಿಡಿದು ನಿಂತೆ.

"ಬಾಜೂ ಸರಿ ಅಜ್ಜಾ!" ಎಂದು ಮೊಮ್ಮಗಳು ನನ್ನನ್ನು ಹೆಗಲಿನಿಂದ ನೂಕಿ ಬಾಗಿಲು ದೂಡಿದಳು. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ವಾಸನೆ ಇಲ್ಲ, ಹೊಗೆ ಇಲ್ಲ, ಎಲ್ಲ ಸ್ವಚ್ಛ. ಹೊರಸಿನ ಮೇಲೆ ಕೂಸು ಕೈಕಾಲು ಬಿಟ್ಟು ಮಲಗಿತ್ತು. ಸೊಸೆ ಹೊರಸಿನ ಮೇಲೆ ಇರಲಿಲ್ಲ. ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕುಸಿದಿದ್ದಳು. ಚಮಚ ಅವಳ ಮಡಿಲಲ್ಲಿ ಬಿದ್ದಿತ್ತು.

"ಅಜ್ಜಾ, ಬಾ ಒಳಗ! ಚಿಗವ್ವನ್ನ ಹಿಡಿ!"

ಅವಳು ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ನಾನು ಒಳಗೆ ಹೋದೆ. ಸೊಸೆಯ ಎರಡೂ ರಟ್ಟೆಯ ಕೆಳಗೆ ಕೈ ಹಾಕಿ, ಪಡಸಾಲೆ ದಾಟಿಸಿ, ಅಂಗಳದ ತನಕ ಎಳೆದುಕೊಂಡು ಬಂದೆ. ನಮ್ಮ ಮನೆಗೆ ಬಂದಾಗಿನಿಂದ ಅವಳು ನನ್ನ ಎದುರು ಕೂತವಳಲ್ಲ. ಅವಳ ತಲೆ ನನ್ನ ಎದೆಯ ಮೇಲೆ ಹೊರಳುತ್ತಿತ್ತು. ಹಿತ್ತಲಿನಿಂದ ಓಡಿ ಬಂದ ಹೆಂಡತಿ ಹಾಲಿನ ಚರಿಗೆಯನ್ನು ಎಲ್ಲಿ ಕೆಡವಿದಳೋ, ಅವಳ ಸೀರೆ ಹಾಲಿನಿಂದ ನೆನೆದಿತ್ತು.

ತಣ್ಣನೆಯ ಗಾಳಿಯಲ್ಲಿ ಮೊಮ್ಮಗಳು ಕೂಸಿನ ಅಂಗಾಲು ತಟ್ಟಿದಳು. ಮತ್ತೆ ತಟ್ಟಿದಳು. ಮೊದಲು ಒಂದು ಬಿಕ್ಕು, ಆಮೇಲೆ ಸಣ್ಣ ಅಳು. ಹೆಂಡತಿ ನೆಲಕ್ಕೆ ಕುಕ್ಕರಿಸಿದಳು. ಸೊಸೆ ಕಣ್ಣು ತೆರೆದು ಮತ್ತೆ ಮುಚ್ಚಿದಳು. ಬಾಜೂ ಮನೆಯವನ ಟಂಟಂ ಗಾಡಿಯಲ್ಲಿ ಎಲ್ಲರೂ ತಾಲೂಕು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಹೆಂಡತಿ ಒಂದೇ ಮಾತು ಆಡುತ್ತಿದ್ದಳು: "ನಾನೂ ಶೆಗಡಿ ಮ್ಯಾಲ ಮಲಗೀನಿ, ನಮ್ಮವ್ವನೂ ಮಲಗ್ಯಾಳ, ಯಾರಿಗೂ ಏನೂ ಆಗಿಲ್ಲ. ಇದಕ್ಕ ಯಾಕ ಹಿಂಗಾತು?" ಅವರಿಗೆ ಕುಳ್ಳಿನ ಹೊಗೆ ಬರುತ್ತಿತ್ತು. ಕಣ್ಣು ಉರಿದಾಗ ಯಾರಾದರೂ ಬಾಗಿಲು ತೆಗೆಯುತ್ತಿದ್ದರು. ಆ ಹೊಗೆಯನ್ನೂ ನಾನು ತೆಗೆದಿದ್ದೆ, ಬಾಗಿಲನ್ನೂ ಮುಚ್ಚಿದ್ದೆ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ತಾಯಿಗೂ ಕೂಸಿಗೂ ಆಮ್ಲಜನಕ ಹಚ್ಚಿಸಿ, ಒಂದು ತಾಸಿನೊಳಗೆ ಸುಧಾರಿಸದಿದ್ದರೆ ಹುಬ್ಬಳ್ಳಿಗೆ ಕಳಿಸುವುದಾಗಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಕ್ವಾಣಿಯೊಳಗ ಇದ್ದಲಿ ಇಟ್ಟಿದ್ರೇನ್ರಿ ಯಜಮಾನ್ರ?"

"ಹೌದ್ರಿ."

"ಕಿಟಕಿ?"

"ಮುಚ್ಚಿತ್ತರಿ."

"ಅದರಿಂದ ವಿಷಗಾಳಿ ಆಗತೈತಿ ಅಂತ ಗೊತ್ತಿಲ್ಲೇನ್ರಿ ನಿಮಗ? ಏನು ಕೆಲಸಾ ಮಾಡತೀರಿ?"

"ಒಕ್ಕಲತನರಿ" ಎಂದೆ.

ನಮಗೆ ಹೊಲ ಇದೆ, ಸುಳ್ಳಲ್ಲ. ಮೊಮ್ಮಗಳು ನನ್ನ ಮುಖ ನೋಡಿದಳು. ಡಾಕ್ಟರಿನ ದನಿ ಮೆತ್ತಗಾಯಿತು. ಪಾಪ, ಓದುಬರಹ ಕಡಿಮೆಯ ಮುದುಕ ಎಂದು ತಿಳಿದಿರಬೇಕು. ಕೆಂಡ ಎಂದರೇನು, ಗಾಳಿ ಎಂದರೇನು, ಮುಚ್ಚಿದ ಕೋಣೆಯಲ್ಲಿ ಏನಾಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ನಾನು "ಹೂನ್ರಿ, ಹೂನ್ರಿ" ಎಂದು ಕೈ ಕಟ್ಟಿ ಕೇಳಿದೆ.

ತಾಸು ತುಂಬುವ ಮೊದಲು ಸೊಸೆಗೆ ಪೂರಾ ಎಚ್ಚರ ಬಂತು. ಕೂಸು ಹಾಲಿಗೆ ಅತ್ತಿತು, ಜೋರಾಗಿ ಅತ್ತಿತು. ಹುಬ್ಬಳ್ಳಿಗೆ ಕಳಿಸುವುದು ಬೇಡ, ರಾತ್ರಿ ಇಲ್ಲೇ ಇರಲಿ ಎಂದರು. ಅಷ್ಟರಲ್ಲಿ, ಮೊಮ್ಮಗಳ ಫೋನು ಹೋಗಿ, ಕಿರಿಯ ಮಗನೂ ಬಂದ. ನಾನು ಮಂಚದಿಂದ ದೂರ ನಿಂತಿದ್ದೆ. ಸೊಸೆ ಅತ್ತೆಯ ಮೂಲಕ ಹೇಳಿಸದೆ, ನೇರ ನನಗೇ ಹೇಳಿದಳು. ದನಿ ಬಹಳ ಸಣ್ಣದಾಗಿತ್ತು.

"ಮಾವಾರ, ನಾ ಮತ್ತ ಕಿಟಕಿ ನೂಕಾಕ ಹೋಗಿದ್ನಿರಿ. ಸಿಟ್ಟಾಗಬ್ಯಾಡ್ರಿ."

ಅವಳು ನನ್ನ ಕ್ಷಮೆ ಕೇಳುತ್ತಿದ್ದಳು. ಮಗ ಅವಳನ್ನೂ ನನ್ನನ್ನೂ ನೋಡಿದ. ಕಿಟಕಿಯ ಸಂಗತಿ ಅವನಿಗೆ ಇನ್ನೂ ಗೊತ್ತಿರಲಿಲ್ಲ.

"ನೂಕಿದ್ದ ಸರಿ ಐತಿವ್ವಾ" ಎಂದೆ. "ನನಗ ಗೊತ್ತಿತ್ತು. ಗೊತ್ತಿದ್ದೂ ನಾನ ಮುಚ್ಚಿದೆ. ಈಗ ಹೋಗಿ ತಗೀತೀನಿ."

ಇನ್ನೂ ಹೇಳಬೇಕಾಗಿತ್ತು. ತಾಯಿಯ ಮನೆಯ ಮಾತು ಎತ್ತಿದ್ದಕ್ಕೆ ಏನಾದರೂ ಹೇಳಬೇಕಾಗಿತ್ತು. ಅವಳು ಕಣ್ಣು ಮುಚ್ಚಿದಳು, ನಾನು ಹೊರಗೆ ಬಂದೆ.

ಹೆಂಡತಿ, ಮಗ ಅಲ್ಲೇ ಉಳಿದರು. ಅದೇ ಟಂಟಂನಲ್ಲಿ ನಾನು, ಮೊಮ್ಮಗಳು ಊರಿಗೆ ಹೊರಟೆವು. ಎರೆ ಹೊಲದ ನಡುವಿನ ರಸ್ತೆ, ಕಡಲೆ ಬೆಳೆಯ ಮೇಲಿಂದ ಥಂಡಿ ಗಾಳಿ ಬೀಸುತ್ತಿತ್ತು. ಅವಳು ನನ್ನ ಕಡೆ ತಿರುಗಿದಳು.

"ಒಕ್ಕಲತನ ಅಂದಿ."

"ಹೌದು."

"ಯಾಕ?"

"ನಾಚಿಕಿ ಬಂತು."

ಅವಳು ಶಾಲನ್ನು ಕಿವಿಗೆ ಎಳೆದುಕೊಂಡಳು. "ನಂಗೂ ಬಂತು ಅಜ್ಜಾ. ಲೆಕ್ಕಾ ಬಿಡಿಸಿ, ಮತ್ತ ಮುಂದಿನ ಲೆಕ್ಕಾ ತಗದೆ."

"ನೀ ಕೇಳಿದಿ. ತಗಿ ಅಂದಾವ ನಾನು."

ಮನೆಗೆ ಬಂದಾಗ ಬಾಗಿಲುಗಳು ತೆರೆದೇ ಇದ್ದವು. ಅವಳಿಗೆ ಮಲಗಲು ಹೇಳಿದೆ. ಬೆಳಗ್ಗೆ ಪರೀಕ್ಷೆಗೆ ಮೊದಲ ರೈಲು ಹಿಡಿಯಬೇಕು. ಅವಳು ಮಲಗಲಿಲ್ಲ. ಮೊಬೈಲಿನ ಬೆಳಕು ಹಿಡಿದು ಅಂಗಳದಲ್ಲಿ ನನ್ನ ಮಗ್ಗುಲಿಗೆ ನಿಂತಳು. ನಾನು ಶೆಗಡಿಯ ಕೆಂಡವನ್ನು ಹೊರಗೆ ಸುರಿದು ನೀರು ಹಾಕಿದೆ. ಇಕ್ಕಳದಿಂದ ಪಟ್ಟಿಯ ಮೊಳೆಗಳನ್ನು ಒಂದೊಂದಾಗಿ ಕಿತ್ತೆ. ಬೆಳಗ್ಗೆ ಅಷ್ಟು ಭದ್ರವಾಗಿ ಹೊಡೆದಿದ್ದೆನಲ್ಲ, ಸುಲಭಕ್ಕೆ ಬರಲಿಲ್ಲ. ಒಂದು ಕಡೆ ಕಟ್ಟಿಗೆ ಸೀಳಿತು. ಸಂದಿಯ ಧೋತರದ ಹಗ್ಗವನ್ನು ಎಳೆದು ತೆಗೆದೆ. ಕೆಳಗಿನ ಮೂಲೆಯಲ್ಲಿ ಅದು ಚಮಚದ ತುದಿಗೆ ಸಿಕ್ಕು ಎಳೆ ಎಳೆಯಾಗಿ ಹರಿದಿತ್ತು. ಪಟ್ಟಿ ಇಲ್ಲದಿದ್ದರೆ ಅಲ್ಲಿ ಅದು ಹೊರಗೆ ಬಂದೇ ಬರುತ್ತಿತ್ತು.

ಬಾಗಿಲ ಸುರುಳಿಯನ್ನು ಬಿಚ್ಚಿ ಹೊಟ್ಟನ್ನು ಎಮ್ಮೆಯ ಮುಂದೆ ಹಾಕಿದೆ. ನಿಚ್ಚಣಿಕೆ ಇಟ್ಟು ಮಾಳಿಗೆ ಏರಿ, ಬೆಳಕಿಂಡಿಯ ಸಿಮೆಂಟು ಒಡೆದು ಗಾಜು ಎತ್ತಿದೆ. ಕೊನೆಗೆ, ಇನ್ನೊಮ್ಮೆ ಯಾರೂ ಮುಚ್ಚಬಾರದೆಂದು, ಯಾರೂ ಎಂದರೆ ನಾನೇ, ಕಿಟಕಿಯ ಎರಡೂ ಕದಗಳ ಬಿಜಾಗರಿಯ ತಿರುಪು ತೆಗೆದು ಕದಗಳನ್ನು ಇಳಿಸಿ ಅಂಗಳದ ಗೋಡೆಗೆ ಆನಿಸಿ ನಿಲ್ಲಿಸಿದೆ.